ನರಸೀಪುರದ ಉತ್ತರ ನಂಜನಗೂಡಿಗೆ ಹೋಗುತ್ತಿತ್ತು

ಆ ಸೋಮವಾರ ನನ್ನನ್ನು ತಿ. ನರಸೀಪುರಕ್ಕೆ ಕಳಿಸಿದ್ದು ದೋಷ ಹುಡುಕುವುದಕ್ಕಲ್ಲ, ದೋಷ ಇಲ್ಲ ಎಂದು ಬರೆದುಕೊಂಡು ಬರುವುದಕ್ಕೆ. ಮೈಸೂರಿನ ಕಚೇರಿಯಲ್ಲಿ ನಮ್ಮ ಮ್ಯಾನೇಜರ್ ಕೈಗಿತ್ತ ಹಾಳೆಯಲ್ಲಿ ಎಲ್ಲವೂ ಮೊದಲೇ ಟೈಪಾಗಿತ್ತು: ‘ನೆಟ್‌ವರ್ಕ್ ಪರೀಕ್ಷಿಸಲಾಗಿದೆ, ಸರಿಯಾಗಿದೆ. ತೊಂದರೆಗೆ ಕಾರಣ ಬಳಕೆದಾರರ ಅಜಾಗರೂಕತೆ.’ ಕೆಳಗೆ ನನ್ನ ಸಹಿಗೆ ಜಾಗ, ಆಸ್ಪತ್ರೆಯ ಸೀಲಿಗೆ ಜಾಗ. ಪರೀಕ್ಷೆಯ ದಿನಾಂಕವನ್ನೂ ಹಾಕಿಬಿಟ್ಟಿದ್ದರು. ಪರೀಕ್ಷೆ ಮಾಡಬೇಕಾದವಳು ಇನ್ನೂ ಬಸ್ಸು ಹತ್ತಿರಲಿಲ್ಲ.

ನಮ್ಮದು ಆಸ್ಪತ್ರೆ, ಗೋದಾಮು, ಕಾಲೇಜುಗಳ ನೆಟ್‌ವರ್ಕ್ ನೋಡಿಕೊಳ್ಳುವ ಸಣ್ಣ ಕಂಪನಿ. ಒಂದು ಟ್ರಸ್ಟಿನ ಎರಡು ಆಸ್ಪತ್ರೆಗಳು ನಮ್ಮ ಗುತ್ತಿಗೆಯಲ್ಲಿದ್ದವು. ನಂಜನಗೂಡಿನದು ದೊಡ್ಡದು, ರಕ್ತ ಪರೀಕ್ಷೆಯ ಲ್ಯಾಬ್ ಇದ್ದದ್ದು ಅಲ್ಲಿ. ನರಸೀಪುರದ್ದು ಹೆರಿಗೆ ಆಸ್ಪತ್ರೆ. ಅಲ್ಲಿ ತೆಗೆದ ರಕ್ತ ಬೆಳಿಗ್ಗೆ ವ್ಯಾನಿನಲ್ಲಿ ನಂಜನಗೂಡಿಗೆ ಹೋಗುತ್ತದೆ. ಲ್ಯಾಬಿನವರು ಫಲಿತಾಂಶವನ್ನು ಮೈಸೂರಿನ ಟ್ರಸ್ಟ್ ಕಚೇರಿಯ ಸರ್ವರಿಗೆ ಹಾಕುತ್ತಾರೆ. ನರಸೀಪುರದ ವಾರ್ಡಿನವರು ತಮ್ಮ ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡುತ್ತಾರೆ. ಮೂರು ಊರಿಗೆ ಮೂರು ರೂಟರ್. ಎರಡೂ ಆಸ್ಪತ್ರೆಗಳ ಲೈನುಗಳು ಮೈಸೂರಿನ ರೂಟರಿಗೆ ಬಂದು ಸೇರುತ್ತವೆ.

ಹಿಂದಿನ ವಾರ ಅಲ್ಲಿ ನಡೆದದ್ದು ಇಷ್ಟು. ತುಂಬು ಗರ್ಭಿಣಿಯೊಬ್ಬಳನ್ನು ಸಿಸೇರಿಯನ್‌ಗೆ ಸಿದ್ಧ ಮಾಡುತ್ತಿದ್ದರು. ವಾರ್ಡಿನ ಕಂಪ್ಯೂಟರಿನಲ್ಲಿ ರಿಪೋರ್ಟ್ ತೆರೆಯಲಿಲ್ಲ. ಹಿರಿಯ ನರ್ಸ್ ಲ್ಯಾಬಿಗೆ ಫೋನ್ ಮಾಡಿದರು. ಆ ಕಡೆಯಿಂದ ಹೀಮೋಗ್ಲೋಬಿನ್ ‘ಸೆವೆನ್’ ಎಂದದ್ದು ಈ ಕಡೆ ‘ಇಲೆವೆನ್’ ಎಂದು ಕೇಳಿಸಿತು. ಹನ್ನೊಂದಿದ್ದರೆ ಚಿಂತೆಯಿಲ್ಲ. ಏಳಿದ್ದರೆ ರಕ್ತ ತರಿಸಿಟ್ಟುಕೊಳ್ಳದೆ ಹೊಟ್ಟೆಗೆ ಕೈ ಹಾಕುವಂತಿಲ್ಲ. ಡಾಕ್ಟರಮ್ಮ ಆಕೆಯ ಕೆಳರೆಪ್ಪೆ ಎಳೆದು ನೋಡಿ, ಅನುಮಾನ ಬಂದು, ಮತ್ತೊಮ್ಮೆ ತಾವೇ ಫೋನ್ ಮಾಡಿ ಕೇಳಿದ್ದರಿಂದ ಎರಡು ಜೀವ ಉಳಿದವು. ಮೈಸೂರಿನಿಂದ ರಕ್ತ ಬಂತು, ಹೆಣ್ಣು ಮಗು ಹುಟ್ಟಿತು. ನರ್ಸಿಗೆ ಮೆಮೊ ಬಂತು. ‘ಪದೇ ಪದೇ ಕಂಪ್ಯೂಟರ್ ಆಫ್ ಮಾಡಿ ವ್ಯವಸ್ಥೆಯನ್ನು ಕೆಡಿಸಿದ್ದೀರಿ, ಫಲಿತಾಂಶವನ್ನು ತಪ್ಪಾಗಿ ಬರೆದುಕೊಂಡಿದ್ದೀರಿ’ ಎಂದು. ಗುರುವಾರ ನಂಜನಗೂಡಿನಲ್ಲಿ ವಿಚಾರಣೆ. ಅಲ್ಲಿಯವರೆಗೆ ಅವರನ್ನು ವಾರ್ಡಿನಿಂದ ತೆಗೆದು ಹೊರರೋಗಿಗಳ ಟೋಕನ್ ಕೊಡುವ ಜಾಗದಲ್ಲಿ ಕೂರಿಸಿದ್ದರು. ನನ್ನ ಹಾಳೆ ಬೇಕಾಗಿದ್ದು ಆ ವಿಚಾರಣೆಗೆ.

ನನ್ನ ಪಾಲನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ರಿಪೋರ್ಟ್ ತೆರೆಯುತ್ತಿಲ್ಲ’ ಎಂದು ನರಸೀಪುರದಿಂದ ಅದಕ್ಕೆ ಮೊದಲು ಮೂರು ಸಲ ದೂರು ಬಂದಿತ್ತು. ಮೂರನ್ನೂ ನಾವು ಮೈಸೂರಿನಲ್ಲಿ ಕೂತೇ ಮುಚ್ಚಿದ್ದೆವು. ಎರಡನೆಯದನ್ನು ಮುಚ್ಚಿದವಳು ನಾನು. ನರಸೀಪುರದ ರೂಟರಿಗೆ ಐದು ಸಲ ಪಿಂಗ್ ಮಾಡಿದೆ, ಅಂದರೆ ‘ಇದ್ದೀಯಾ’ ಎಂದು ಕೇಳಿದೆ. ಐದು ಸಲವೂ ಉತ್ತರ ಬಂತು. ‘ಲೈನ್ ಸರಿ ಇದೆ, ಬಳಕೆದಾರರ ತಪ್ಪು’ ಎಂದು ಬರೆದು ಮುಂದಿನ ದೂರಿಗೆ ಹೋದೆ. ಆ ಕೆಲಸಕ್ಕೆ ನಾಲ್ಕು ನಿಮಿಷವೂ ಹಿಡಿದಿರಲಿಲ್ಲ.

ಆಸ್ಪತ್ರೆ ತಲುಪಿದಾಗ ಹತ್ತು ಗಂಟೆ. ಟೋಕನ್ ಕೊಡುತ್ತಿದ್ದ ಹೆಂಗಸು ಐವತ್ತರ ಆಸುಪಾಸಿನವರು, ನರ್ಸಿನ ಬಿಳಿ ಸೀರೆಯಲ್ಲೇ ಇದ್ದರು.

“ನೆಟ್‌ವರ್ಕಿನವ್ರಾ?” ಎಂದರು.

“ಹೌದು ಸಿಸ್ಟರ್.”

“ಫೋನ್ ಮಾಡ್ದಾಗೆಲ್ಲ ನಂಬರ್ ಓದಿ, ನಂಬರ್ ಓದಿ ಅಂತಿದ್ರಲ್ಲ, ಆ ಕಡೆಯವ್ರಾ?”

“ಹೌದು.”

“ಬಂದ್ರಲ್ಲ ಸದ್ಯ. ಕುಂತ್ಕಳಿ. ಇನ್ನೂ ಎಂಟತ್ತ್ ಜನುಕ್ಕೆ ಟೋಕನ್ ಕೊಡ್ಬೇಕು.”

ಕೂತೆ. ಇಪ್ಪತ್ತೈದು ವರ್ಷ ಹೆರಿಗೆ ಮಾಡಿಸಿದ ಕೈ ಚೀಟಿ ಹರಿದು ಹರಿದು ಕೊಡುತ್ತಿತ್ತು. ಸಾಲು ಮುಗಿದ ಮೇಲೆ ಅವರು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ನಮ್ಮ ಕಚೇರಿಗೆ ದೂರು ಹೇಳಿದಾಗಲೆಲ್ಲ ಕಂಪ್ಯೂಟರಿನ ವಿಳಾಸ, ಅಂದರೆ ಐಪಿ ನಂಬರ್, ಓದಿ ಹೇಳಲು ನಾವು ಕೇಳುತ್ತಿದ್ದೆವು. ನಾವು ಅದನ್ನು ಎಲ್ಲೂ ಬರೆದುಕೊಂಡಿರಲಿಲ್ಲ. ಅವರು ಬರೆದುಕೊಂಡಿದ್ದರು. ದಿನಾಂಕ, ಹೊತ್ತು, ವಿಳಾಸದ ಕೊನೆಯ ಅಂಕಿ, ಅದರ ಮುಂದೆ ‘ಬಂತು’ ಅಥವಾ ‘ಇಲ್ಲ’. ಮೂರು ವಾರದ ಲೆಕ್ಕ.

“ಆಫ್ ಮಾಡಿ ಆನ್ ಮಾಡುದ್ರೆ ಕೆಲವ್ ಸಲ ಕೊನೆ ನಂಬರ್ ಬದ್ಲಾಯ್ತದೆ ಮೇಡಂ. ಇಪ್ಪತ್ಮೂರು ಬಂದ್ರೆ ರಿಪೋರ್ಟ್ ಇಲ್ಲ. ಇಪ್ಪತ್ನಾಕು ಬಂದ್ರೆ ಅದೆ. ಅದ್ಕೇ ಇಪ್ಪತ್ನಾಕು ಬರೋಗಂಟ ಆಫ್ ಮಾಡಿ ಆನ್ ಮಾಡ್ತಿದ್ದೆ. ಅದ್ನೇ ಮೆಮೋಲಿ ಬರ್ದವ್ರೆ, ಆಫ್ ಮಾಡಿ ಕೆಡ್ಸುದ್ಲು ಅಂತ.”

ನಾನು ಪುಟ ತಿರುಗಿಸಿದೆ. ಒಂದು ಕಡೆಯೂ ತಪ್ಪಿರಲಿಲ್ಲ. ಇಪ್ಪತ್ತಮೂರರ ಮುಂದೆಲ್ಲ ‘ಇಲ್ಲ’, ಇಪ್ಪತ್ತನಾಲ್ಕರ ಮುಂದೆಲ್ಲ ‘ಬಂತು’. ಕೆಟ್ಟ ಲೈನು ಹೀಗೆ ನಡೆದುಕೊಳ್ಳುವುದಿಲ್ಲ, ಅದು ವಿಳಾಸ ನೋಡಿ ಕೈಕೊಡುವುದಿಲ್ಲ. ವಿಳಾಸ ನೋಡಿ ದಾರಿ ತೀರ್ಮಾನಿಸುವುದು ರೂಟರ್ ಮಾತ್ರ. ಇಂಜಿನಿಯರುಗಳು ಎಂದು ಕರೆಸಿಕೊಳ್ಳುವ ನಾವು ಮಾಡಬೇಕಾಗಿದ್ದ ಕೆಲಸವನ್ನು ಈ ಹೆಂಗಸು ಹೆರಿಗೆ ವಾರ್ಡಿನ ನಡುವೆ ಮಾಡಿ ಮುಗಿಸಿದ್ದರು. ಅದಕ್ಕೆ ಅವರಿಗೆ ಸಿಕ್ಕಿದ್ದು ಮೆಮೊ. ನನಗೆ ಅಲ್ಲಿಂದಲೇ ಸಿಟ್ಟು ಹತ್ತಿತು. ಅದು ಆ ವಾರ ಪೂರ್ತಿ ಇಳಿಯಲಿಲ್ಲ.

ರೂಟರ್ ಇದ್ದದ್ದು ಸಲೈನ್ ಡಬ್ಬಗಳನ್ನು ಪೇರಿಸಿದ್ದ ಸ್ಟೋರ್ ರೂಮಿನ ಹಲಗೆಯ ಮೇಲೆ. ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಒಳಹೊಕ್ಕು ಕೇಳಿದೆ: ನೀನು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೀಯ? ಪರದೆಯ ಮೇಲೆ ಬಂತು: ರಿಪ್, ಕಳಿಸುವುದು ವರ್ಷನ್ ಒಂದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಜಾಲದ ರೂಟರುಗಳು ಅರ್ಧ ನಿಮಿಷಕ್ಕೊಮ್ಮೆ ಒಂದಕ್ಕೊಂದು ‘ನನ್ನ ಹಿಂದೆ ಇಂಥಿಂಥ ವಿಳಾಸಗಳಿವೆ’ ಎಂದು ಹೇಳಿಕೊಳ್ಳುತ್ತವೆ. ಹಾಗೆ ಹೇಳಿಕೊಳ್ಳುವ ಹಳೆಯ ಕ್ರಮಗಳಲ್ಲಿ ಒಂದರ ಹೆಸರು ರಿಪ್. ಅದರಲ್ಲಿ ಎರಡು ವರ್ಷನ್. ವರ್ಷನ್ ಒಂದು ವಿಳಾಸದ ದೊಡ್ಡ ಗುಂಪನ್ನು ಮಾತ್ರ ಹೇಳುತ್ತದೆ. ವರ್ಷನ್ ಎರಡು ಆ ಗುಂಪಿನೊಳಗೆ ತನ್ನದು ಯಾವ ಭಾಗ ಎಂಬುದನ್ನೂ ಹೇಳುತ್ತದೆ. ಈ ಎರಡು ಆಸ್ಪತ್ರೆಗಳಿಗೆ ಹಿಂದೆ ಬೇರೆ ಬೇರೆ ಗುಂಪಿನ ವಿಳಾಸಗಳಿದ್ದವು, ವರ್ಷನ್ ಒಂದರಲ್ಲೇ ಕೆಲಸ ನಡೆಯುತ್ತಿತ್ತು. ಕೆಲವು ತಿಂಗಳ ಹಿಂದೆ ನಮ್ಮ ಕಂಪನಿಯೇ ಎರಡಕ್ಕೂ ಹತ್ತರಿಂದ ಶುರುವಾಗುವ ಹೊಸ ವಿಳಾಸಗಳನ್ನು ಕೊಟ್ಟಿತು. ಹಾಗೆ ಕೊಟ್ಟ ದಿನವೇ ಮೂರೂ ರೂಟರುಗಳನ್ನು ವರ್ಷನ್ ಎರಡಕ್ಕೆ ಬದಲಾಯಿಸಬೇಕಿತ್ತು. ಬದಲಾಯಿಸಿರಲಿಲ್ಲ.

ನರಸೀಪುರದಿಂದಲೇ ಮೈಸೂರಿನ ರೂಟರಿನೊಳಗೆ ಹೋಗಿ ಅದರ ದಾರಿಪಟ್ಟಿ ತೆಗೆದೆ. ಹತ್ತರ ಗುಂಪಿಗೆ ಎರಡು ದಾರಿ: ಒಂದು ನಂಜನಗೂಡು, ಒಂದು ನರಸೀಪುರ. ಎರಡೂ ಊರಿನ ರೂಟರುಗಳು ‘ಹತ್ತು ಪೂರ್ತಿ ನನ್ನದೇ’ ಎಂದು ಹೇಳುತ್ತಿದ್ದವು. ಮೈಸೂರಿನ ರೂಟರ್ ಇಬ್ಬರನ್ನೂ ನಂಬಿ, ಕೆಲವು ವಿಳಾಸಗಳ ಉತ್ತರವನ್ನು ಈ ಕಡೆಗೂ ಕೆಲವನ್ನು ಆ ಕಡೆಗೂ ಹಂಚುತ್ತಿತ್ತು. ಇಪ್ಪತ್ತನಾಲ್ಕರ ಉತ್ತರ ನರಸೀಪುರಕ್ಕೆ ಬರುತ್ತಿತ್ತು. ವಾರ್ಡಿಗೆ ಮೊದಮೊದಲು ಅದೇ ವಿಳಾಸ ಸಿಗುತ್ತಿದ್ದುದರಿಂದ ತೊಂದರೆ ಕಂಡದ್ದು ಮೂರು ವಾರದಿಂದ ಮಾತ್ರ. ಇಪ್ಪತ್ತಮೂರರದ್ದು ನಂಜನಗೂಡಿಗೆ ಹೋಗಿ, ಅಲ್ಲಿ ಕೇಳುವವರಿಲ್ಲದೆ ಬಿದ್ದುಹೋಗುತ್ತಿತ್ತು. ನಾನು ಕಚೇರಿಯಲ್ಲಿ ಕೂತು ಪಿಂಗ್ ಮಾಡಿದ್ದು ಲೈನಿನ ತುದಿಯಲ್ಲಿದ್ದ ರೂಟರಿಗೆ. ಅದರ ವಿಳಾಸ ಬೇರೆ ಗುಂಪಿನದು, ಅದಕ್ಕೆ ಗೊಂದಲವೇ ಇರಲಿಲ್ಲ. ವಾರ್ಡಿನ ಕಂಪ್ಯೂಟರಿಗೆ ಒಂದೇ ಒಂದು ಸಲ ಮಾಡಿ ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಫೋನಿನಲ್ಲಿ ಕಂಪನಿಯ ಕಡತ ತೆರೆದು, ವಿಳಾಸ ಬದಲಾಯಿಸಿದ ದಿನದ ಕೆಲಸದ ವರದಿಯನ್ನು ಹುಡುಕಿದೆ. ‘ಮೂರೂ ರೂಟರುಗಳನ್ನು ವರ್ಷನ್ ಎರಡಕ್ಕೆ ಬದಲಿಸಿ ಪರೀಕ್ಷಿಸಲಾಗಿದೆ’ ಎಂದಿತ್ತು. ಕೆಳಗೆ ನಮ್ಮ ಮ್ಯಾನೇಜರ್ ಸಹಿ.

ಅವರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ನನಗೆ ಈಗಲೂ ಮರೆಯಲಾಗದ ಸಂಗತಿ ಅದು.

“ನೋಡಮ್ಮ, ಇದನ್ನೆಲ್ಲ ಈಗ ಎತ್ಬೇಡ,” ಎಂದರು. “ಸದ್ದಿಲ್ದೆ ಸರಿ ಮಾಡ್ಬಿಡು. ಸರಿ ಆದ್ಮೇಲೆ ಟೆಸ್ಟ್ ಮಾಡು. ಆಗ ಸರಿ ಇದೆ ಅಂತಾನೇ ಬರತ್ತೆ. ಆಮೇಲೆ ಸಹಿ ಹಾಕು. ಅದ್ರಲ್ಲಿ ಸುಳ್ಳೇನಿದೆ?”

“ಸರ್, ಆ ಸಿಸ್ಟರ್ ಕೆಲಸ ಹೋಗತ್ತೆ.”

“ಅದು ಅವರ ಆಡಳಿತದ ವಿಚಾರ. ಅವರು ನಂಬರ್ ತಪ್ಪು ಬರ್ಕೊಂಡಿದ್ದು ನಿಜ ತಾನೆ? ಅಂದ ಹಾಗೆ, ಎರಡನೇ ದೂರು ಕ್ಲೋಸ್ ಮಾಡಿದ್ದು ಯಾರು ಅಂತ ನೋಡ್ದೆ. ನಿನ್ನ ಹೆಸರಿದೆ.”

ಫೋನ್ ಇಟ್ಟೆ. ಹೆದರಿಕೆ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಆ ಮಾತಿನೊಳಗಿನ ಉಪಾಯ ಎಷ್ಟು ಅಚ್ಚುಕಟ್ಟಾಗಿತ್ತು ಎಂಬುದು ನಿಧಾನವಾಗಿ ಅರ್ಥವಾಗತೊಡಗಿತು. ನಾಲ್ಕು ಆದೇಶ ಕೊಟ್ಟು ನಾನು ಸರಿಮಾಡಿದ ಕ್ಷಣವೇ ದಾರಿಪಟ್ಟಿ ಬದಲಾಗುತ್ತದೆ, ತಪ್ಪಿನ ಗುರುತು ಅಳಿಸಿಹೋಗುತ್ತದೆ. ಆಮೇಲೆ ಯಾರು ಬಂದು ಪರೀಕ್ಷಿಸಿದರೂ ನೆಟ್‌ವರ್ಕ್ ಸರಿಯಾಗಿಯೇ ಇರುತ್ತದೆ. ಸಿಸ್ಟರ್ ನೋಟ್‌ಬುಕ್ ಒಬ್ಬ ಕೆಲಸಗಾರ್ತಿ ತನ್ನನ್ನು ಉಳಿಸಿಕೊಳ್ಳಲು ಗೀಚಿಕೊಂಡ ಲೆಕ್ಕವಾಗುತ್ತದೆ. ಸರಿಮಾಡದೆ ಬಿಟ್ಟರೆ ವಾರ್ಡಿಗೆ ರಿಪೋರ್ಟ್ ಬರುವುದಿಲ್ಲ, ಅವತ್ತು ಕೂಡ ಅಲ್ಲಿ ಮೂವರು ಹೆಂಗಸರ ರಿಪೋರ್ಟ್ ಬರಬೇಕಿತ್ತು.

ನಾನು ಡಾಕ್ಟರಮ್ಮನ ಕೋಣೆಗೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ, “ಸರಿಮಾಡೋ ಮುಂಚೆ ನೀವು ಬಂದು ಕಣ್ಣಾರೆ ನೋಡಬೇಕು. ಮುಕ್ಕಾಲು ಗಂಟೆ ತಡ ಆಗತ್ತೆ. ಆ ಹೊತ್ತಲ್ಲಿ ರಿಪೋರ್ಟ್ ಬೇಕಾದ್ರೆ ಹೇಗೆ ಮಾಡ್ತೀರಿ, ನೀವೇ ಹೇಳಿ,” ಎಂದೆ.

ಅವರು ಒಂದು ಕ್ಷಣ ಯೋಚಿಸಿ, “ಫೋನಲ್ಲಿ ನಾನೇ ತಗೋತೀನಿ. ಅಂಕಿ ಕನ್ನಡದಲ್ಲಿ ಹೇಳಿಸಿ, ಎರಡು ಸಲ ತಿರುಗಿ ಹೇಳ್ತೀನಿ,” ಎಂದರು. “ಶುರು ಮಾಡಿ. ಸಿಸ್ಟರ್‌ನೂ ಕರೀರಿ.”

ಡಾಕ್ಟರಮ್ಮ ಲ್ಯಾಬಿನ ಫೋನ್ ಮುಗಿಸಿಕೊಂಡು ಬಂದರು. ಸಲೈನ್ ಡಬ್ಬಗಳ ನಡುವೆ ನಾವು ಮೂವರೂ ಇಕ್ಕಟ್ಟಾಗಿ ನಿಂತೆವು. ವಾರ್ಡಿನ ಕಂಪ್ಯೂಟರಿಗೆ ನಾನೇ ಇಪ್ಪತ್ತಮೂರು ಕೊಟ್ಟು ಬಂದಿದ್ದೆ. ಮೈಸೂರಿನ ರೂಟರಿನಿಂದ ಅದಕ್ಕೆ ಹತ್ತು ಪಿಂಗ್ ಕಳಿಸಿದೆ. ರೂಟರ್ ತಾನೇ ಕಳಿಸುವಾಗ ಎರಡು ದಾರಿಗೂ ಒಂದೊಂದಾಗಿ ಹಂಚುತ್ತದೆ. ಒಂದು ಬಂತು, ಒಂದು ಇಲ್ಲ. ಒಂದು ಬಂತು, ಒಂದು ಇಲ್ಲ. ಆಮೇಲೆ ಟ್ರಸ್ಟಿನ ಸರ್ವರಿನಿಂದ ಅದೇ ವಿಳಾಸಕ್ಕೆ ದಾರಿ ಕೇಳಿದೆ. ಮೊದಲ ನಿಲುಗಡೆ ಮೈಸೂರು. ಎರಡನೆಯದು ನಂಜನಗೂಡು.

“ಅಂದ್ರೆ ಇಲ್ಲಿಗೆ ಬರಬೇಕಾದ್ದು ಅಲ್ಲಿಗೆ ಹೋಗ್ತಿದೆ,” ಎಂದರು ಡಾಕ್ಟರಮ್ಮ.

“ಹೌದು. ವಿಳಾಸ ಬದಲಾಯಿಸಿದ ದಿನದಿಂದ.”

ಸಿಸ್ಟರ್ ಪರದೆಯನ್ನೇ ನೋಡುತ್ತ ನಿಂತಿದ್ದರು. “ಮೂರ್ ವಾರ ನಾನೇ ಏನೋ ತಪ್ಪ್ ಒತ್ತುತ್ತಿದ್ದೀನಿ ಅನ್ಕಂಡಿದ್ದೆ,” ಎಂದರು. ಅವರ ದನಿಯಲ್ಲಿ ಸಮಾಧಾನವೇನೂ ಇರಲಿಲ್ಲ.

ಎಲ್ಲವನ್ನೂ ಆಸ್ಪತ್ರೆಯ ಪ್ರಿಂಟರಿನಲ್ಲಿ ತೆಗೆದೆ: ಎರಡು ರೂಟರುಗಳ ಸ್ಥಿತಿ, ದಾರಿಪಟ್ಟಿ, ಪಿಂಗ್, ನಿಲುಗಡೆಗಳು. ಪ್ರತಿ ಹಾಳೆಗೂ ಡಾಕ್ಟರಮ್ಮ ಹೊತ್ತು ಬರೆದು ಸಹಿ ಹಾಕಿದರು. ನೋಟ್‌ಬುಕ್ಕಿನ ಪುಟಗಳನ್ನೂ ಜೆರಾಕ್ಸ್ ಮಾಡಿಸಿ ಸಹಿ ಹಾಕಿದರು. ಆಮೇಲೆ ಸರಿಮಾಡುವ ಕೆಲಸಕ್ಕೆ ಕೂತೆ.

ಮೊದಲು ಮೈಸೂರಿನ ರೂಟರಿಗೆ, ಹದಿನೈದು ನಿಮಿಷದಲ್ಲಿ ನಾನು ಬೇಡ ಎನ್ನದಿದ್ದರೆ ಹಳೆಯ ಸ್ಥಿತಿಗೇ ಮತ್ತೆ ಶುರುವಾಗು ಎಂದು ಹೇಳಿಟ್ಟೆ. ದೂರದಿಂದ ಕೈಯಾಡಿಸುವಾಗ ಇದು ಬೇಕೇ ಬೇಕು. ನಂತರ ನರಸೀಪುರಕ್ಕೆ ವರ್ಷನ್ ಎರಡು ಕೊಟ್ಟೆ, ವಿಳಾಸಗಳನ್ನು ತಾನಾಗಿ ಗುಂಪು ಕಟ್ಟುವುದನ್ನು ನಿಲ್ಲಿಸಿದೆ. ಮೈಸೂರಿಗೂ ಅದನ್ನೇ ಮಾಡಿದೆ. ವಾರ್ಡಿನಲ್ಲಿ ಇಪ್ಪತ್ತಮೂರರಲ್ಲೇ ರಿಪೋರ್ಟ್ ತೆರೆಯಿತು. ಸಿಸ್ಟರ್ ವಾರ್ಡಿನ ಬಾಗಿಲಲ್ಲಿ ನಿಂತೇ ನೋಡಿದರು. ಅವರಿಗೆ ಒಳಗೆ ಬರುವ ಅಪ್ಪಣೆ ಇರಲಿಲ್ಲ.

ಮೂರು ನಿಮಿಷ ಎಲ್ಲ ಚೆನ್ನಾಗಿತ್ತು. ಆಮೇಲೆ ನಂಜನಗೂಡಿನ ಲ್ಯಾಬಿನಿಂದ ಫೋನ್. ಅಲ್ಲಿನ ಹಿರಿಯ ಟೆಕ್ನಿಷಿಯನ್.

“ಏನ್ ಮಾಡುದ್ರಿ ಮೇಡಂ ಅಲ್ಲಿ? ನಮ್ದೂ ಓಯ್ತು. ಒಂದ್ ರಿಪೋರ್ಟೂ ಸರ್ವರ್‌ಗೆ ಓಗ್ತಿಲ್ಲ.”

ಆತುರದಲ್ಲಿ ನಾನು ಮಾಡಿದ ತಪ್ಪು ಅದು. ವರ್ಷನ್ ಎರಡು ಎಂದು ಕಟ್ಟುನಿಟ್ಟಾಗಿ ಹೇಳಿದ ರೂಟರ್ ವರ್ಷನ್ ಒಂದರ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ನಂಜನಗೂಡಿನ ರೂಟರ್ ಇನ್ನೂ ಒಂದರಲ್ಲೇ ಹೇಳುತ್ತಿತ್ತು. ಮೈಸೂರಿನದು ಮೂರು ನಿಮಿಷ ಹಳೆಯ ಮಾತನ್ನು ನೆನಪಿಟ್ಟುಕೊಂಡಿದ್ದು, ಆಮೇಲೆ ಆ ಊರನ್ನೇ ಪಟ್ಟಿಯಿಂದ ತೆಗೆದುಹಾಕಿತು. ನಂಜನಗೂಡಿನದನ್ನೂ ಈಗಲೇ ಬದಲಾಯಿಸೋಣ ಎಂದು ಒಳಹೋಗಲು ನೋಡಿದರೆ, ಕಡತದಲ್ಲಿದ್ದ ಪಾಸ್‌ವರ್ಡ್ ಒಪ್ಪಲಿಲ್ಲ. ಅದನ್ನು ಬದಲಿಸಿದವನು ಕಂಪನಿ ಬಿಟ್ಟು ಹೋಗಿದ್ದ.

ಹಾಗಾಗಿ ಎರಡು ವರ್ಷನ್‌ಗಳನ್ನೂ ಒಟ್ಟಿಗೆ ಬಾಳಿಸಬೇಕಾಯಿತು. ಮೈಸೂರಿನ ರೂಟರಿನಲ್ಲಿ ನಂಜನಗೂಡಿನ ಲೈನು ಬಂದು ಸೇರುವ ಕಡೆಗೆ ಮಾತ್ರ ‘ಇಲ್ಲಿ ಒಂದರಲ್ಲೇ ಹೇಳು, ಒಂದನ್ನೇ ಕೇಳು’ ಎಂದು ಕೊಟ್ಟೆ. ನರಸೀಪುರದ ಕಡೆ ಎರಡು ಹಾಗೇ ಇತ್ತು. ನಂಜನಗೂಡು ‘ಹತ್ತು ಪೂರ್ತಿ ನನ್ನದು’ ಎಂದು ಹೇಳುತ್ತಲೇ ಇತ್ತು, ಆದರೆ ಈಗ ನರಸೀಪುರ ‘ಅದರಲ್ಲಿ ಈ ಭಾಗ ನನ್ನದು’ ಎಂದು ಬಿಡಿಸಿ ಹೇಳುತ್ತಿತ್ತು. ಬಿಡಿಸಿ ಹೇಳಿದ ಕಡೆಗೇ ರೂಟರ್ ಮೊದಲು ಕಳಿಸುತ್ತದೆ. ಅರ್ಧ ನಿಮಿಷ ಕಾದೆ. ಎರಡೂ ಊರು ಪಟ್ಟಿಗೆ ಬಂದವು. ಮತ್ತೆ ಶುರುವಾಗು ಎಂದದ್ದನ್ನು ರದ್ದು ಮಾಡಿದಾಗ ಹದಿನೈದು ನಿಮಿಷದಲ್ಲಿ ಎರಡು ಉಳಿದಿತ್ತು.

“ಬಂತು ಮೇಡಂ,” ಎಂದರು ಲ್ಯಾಬಿನವರು. ಸ್ವಲ್ಪ ತಡೆದು, “ಅಲ್ಲ, ನಮ್ ಎರಡ್ನೇ ಕಂಪ್ಯೂಟ್ರೂ ಬಂದದೆ. ಅದು ಕೆಟ್ಟೋಗದೆ ಅಂತ ತಿಂಗಳಿಂದ ಬಟ್ಟೆ ಮುಚ್ಚಿ ಮಡಗಿದ್ವಿ,” ಎಂದರು.

ಟೈಪಾಗಿದ್ದ ಹಾಳೆಗೆ ಸಹಿ ಹಾಕದೆ ವಾಪಸ್ ಬಂದೆ.

ಮಾರನೆಯ ದಿನ ಕಚೇರಿಗೆ ಹೋಗದೆ ತಾಂಡವಪುರದ ನಮ್ಮ ಮನೆಯಿಂದ ನೇರ ನಂಜನಗೂಡಿನ ಬಸ್ಸು ಹತ್ತಿದೆ. ಪಾಸ್‌ವರ್ಡ್ ಗೊತ್ತಿಲ್ಲದ ರೂಟರಿನೊಳಗೆ ಹೋಗುವುದಕ್ಕೆ ಒಂದೇ ದಾರಿ: ಅದರ ಕರೆಂಟ್ ತೆಗೆದು ಹಾಕಿ, ಅದು ಎಚ್ಚರಾಗುವ ಹೊತ್ತಿಗೆ ತಡೆದು, ಹಳೆಯ ಸೆಟ್ಟಿಂಗ್ ಓದದೆ ಏಳು ಎಂದು ಹೇಳುವುದು. ಅಷ್ಟು ಹೊತ್ತು ಲ್ಯಾಬಿನ ಸಂಪರ್ಕ ಇರುವುದಿಲ್ಲ. ಟೆಕ್ನಿಷಿಯನ್ ಗಡಿಯಾರ ನೋಡಿ, “ನರಸೀಪುರದ್ ವ್ಯಾನ್ ಬರಾದು ಹನ್ನೊಂದ್ಕೆ. ಅಷ್ಟ್ರೊಳ್ಗೆ ಮಾಡ್ಕಳಿ. ಇಪ್ಪತ್ ನಿಮ್ಷ ಕೊಡ್ತೀನಿ,” ಎಂದರು.

ಹನ್ನೆರಡು ನಿಮಿಷಕ್ಕೆ ಒಳಹೊಕ್ಕಿದ್ದೆ. ಹಳೆಯ ಸೆಟ್ಟಿಂಗ್ ತಂದು ಹಾಕಿದೆ, ಹೊಸ ಪಾಸ್‌ವರ್ಡ್ ಕೊಟ್ಟೆ, ವರ್ಷನ್ ಎರಡು ಕೊಟ್ಟೆ. ಮೈಸೂರಿನ ಕಡೆ ಹಿಂದಿನ ದಿನ ಕೊಟ್ಟಿದ್ದ ವಿನಾಯಿತಿಯನ್ನು ತೆಗೆಯಬೇಕಿತ್ತು, ಆದರೆ ಲೈನೇ ಏಳಲಿಲ್ಲ. ಕೇಬಲ್ ಕಿತ್ತು ಹಾಕಿದೆ. ಮತ್ತೆ ಕಿತ್ತು ಹಾಕಿದೆ. ಬಾಗಿಲಲ್ಲಿ ಟೆಕ್ನಿಷಿಯನ್ ಕೈಕಟ್ಟಿ ನಿಂತಿದ್ದರು. ಇಪ್ಪತ್ತು ನಿಮಿಷ ದಾಟಿತು. ಬೆವರು ಒರೆಸಿಕೊಳ್ಳುವಾಗ ನೆನಪಾಯಿತು: ಹೀಗೆ ಎಬ್ಬಿಸಿದ ರೂಟರ್ ತನ್ನ ಬಾಗಿಲುಗಳನ್ನೆಲ್ಲ ಮುಚ್ಚಿಕೊಂಡೇ ಏಳುತ್ತದೆ, ಒಂದೊಂದನ್ನೂ ನಾವೇ ತೆರೆಯಬೇಕು. ತೆರೆದೆ. ದೀಪ ಹಸಿರಾಯಿತು. ಮೈಸೂರಿನ ವಿನಾಯಿತಿ ತೆಗೆದೆ. ಮೂರು ರೂಟರುಗಳೂ ಮೊದಲ ಸಲ ಒಂದೇ ವರ್ಷನ್‌ನಲ್ಲಿ ಮಾತಾಡಿದವು. ಆ ಕೆಲಸ ಮುಗಿದಿದೆ ಎಂದು ತಿಂಗಳುಗಟ್ಟಲೆ ಹಿಂದೆಯೇ ಕಾಗದದಲ್ಲಿ ಬರೆದಾಗಿತ್ತು.

ಗುರುವಾರದ ವಿಚಾರಣೆ ನಂಜನಗೂಡಿನ ಆಸ್ಪತ್ರೆಯ ಮೇಲಿನ ಕೋಣೆಯಲ್ಲಿ. ಟ್ರಸ್ಟಿನ ಆಡಳಿತಾಧಿಕಾರಿ, ಡಾಕ್ಟರಮ್ಮ, ಸಿಸ್ಟರ್, ನಮ್ಮ ಮ್ಯಾನೇಜರ್. ಡಾಕ್ಟರಮ್ಮ ಕರೆಸಿದ್ದರಿಂದ ನಾನು. ನಮ್ಮ ಮ್ಯಾನೇಜರ್ ಮೊದಲು ಮಾತಾಡಿದರು. ಲೈನಿನಲ್ಲಿ ಒಮ್ಮೊಮ್ಮೆ ಬಂದು ಹೋಗುವ ಸಣ್ಣ ಅಡಚಣೆ ಇತ್ತಂತೆ, ಅದನ್ನು ಸೋಮವಾರವೇ ನಿವಾರಿಸಲಾಗಿದೆಯಂತೆ. ಎರಡು ವಾಕ್ಯದಲ್ಲಿ ಮೂರು ವಾರವನ್ನು ತೊಳೆದುಬಿಟ್ಟರು.

ನಾನು ಹಾಳೆಗಳನ್ನು ಮೇಜಿನ ಮೇಲಿಟ್ಟೆ. ಸರಿಮಾಡುವ ಮೊದಲಿನದು, ಆಮೇಲಿನದು, ಎಲ್ಲದರ ಮೇಲೂ ಡಾಕ್ಟರಮ್ಮನ ಸಹಿ. ಅದರ ಪಕ್ಕದಲ್ಲಿ ‘ಮೂರೂ ರೂಟರುಗಳನ್ನು ಬದಲಿಸಿ ಪರೀಕ್ಷಿಸಲಾಗಿದೆ’ ಎಂಬ ವರದಿ. ಆಡಳಿತಾಧಿಕಾರಿ ಅದನ್ನು ಎರಡು ಸಲ ಓದಿದರು.

“ಇದಕ್ಕೆ ಸಹಿ ಮಾಡಿದವರು ನೀವೇ ಅಲ್ವೇನ್ರಿ?”

“ಕೆಲಸ ಮಾಡಿದವನು ಬಿಟ್ಟು ಹೋಗಿದಾನೆ ಸರ್,” ಎಂದರು ನಮ್ಮ ಮ್ಯಾನೇಜರ್. “ಅವನು ಆಗಿದೆ ಅಂದ, ನಾನು ಹಾಕ್ದೆ.”

“ದೂರು ಬಂದಾಗ ನಾವೂ ನೋಡಲಿಲ್ಲ,” ಎಂದೆ ನಾನು. “ಮೂರು ದೂರಲ್ಲಿ ಎರಡನೆಯದನ್ನು ಮುಚ್ಚಿದವಳು ನಾನು. ಬಳಕೆದಾರರ ತಪ್ಪು ಅಂತ ಬರೆದವಳೂ ನಾನೇ. ಅದು ನನ್ನ ತಪ್ಪು.”

ಆಡಳಿತಾಧಿಕಾರಿ ಸಿಸ್ಟರ್ ಕಡೆ ತಿರುಗಿ, “ಆದ್ರೂ ಹೀಮೋಗ್ಲೋಬಿನ್ ತಪ್ಪು ಬರ್ಕೊಂಡಿದ್ದು ನೀವೇ ಅಲ್ವಾ?” ಎಂದರು.

“ನಾನೆ ಸಾ,” ಎಂದರು ಸಿಸ್ಟರ್. “ತಿರುಗ್ಸಿ ಕೇಳ್ಬೇಕಿತ್ತು, ಕೇಳ್ನಿಲ್ಲ. ಆವತ್ತಿಂದ ನಿದ್ದೆ ಬಂದಿಲ್ಲ ನಂಗೆ. ಆದ್ರೆ ಆ ಫೋನ್ ಯಾಕ್ ಮಾಡ್ಬೇಕಾಯ್ತು ಅಂತ ನೀವ್ ಒಬ್ರಾರೂ ಕೇಳುದ್ರಾ?”

ಡಾಕ್ಟರಮ್ಮ ಮೇಜಿನ ಮೇಲೆ ಕೈಯಿಟ್ಟು, ಸಿಸ್ಟರ್ ಅವತ್ತು ಮಧ್ಯಾಹ್ನದಿಂದಲೇ ವಾರ್ಡಿಗೆ ಬರಬೇಕು ಎಂದಷ್ಟೇ ಹೇಳಿದರು.

ಮೆಮೊ ವಾಪಸ್ ಎಂದು ಅಲ್ಲೇ ಒಂದು ಪತ್ರ ಟೈಪಾಗಿ ಬಂತು. ಸಿಸ್ಟರ್ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ‘ಮುಂದೆ ಕಂಪ್ಯೂಟರ್ ಬಳಕೆಯಲ್ಲಿ ಎಚ್ಚರಿಕೆಯಿಂದ ವರ್ತಿಸತಕ್ಕದ್ದು’ ಎಂದು ಕೊನೆಯಲ್ಲಿ ಸೇರಿಸಿದ್ದರು. ಸಿಸ್ಟರ್ ಸಹಿಗೆಂದು ಹಿಡಿದಿದ್ದ ಪೆನ್ನನ್ನು ಕೆಳಗಿಟ್ಟರು.

“ನಂಬರ್ ವಿಚಾರುಕ್ಕೆ ಎಚ್ಚರಿಕೆ ಕೊಡಿ ಸಾ, ತಕ್ಕತೀನಿ. ಕಂಪ್ಯೂಟರ್ ವಿಚಾರ ಹೊಡ್ದಾಕಿ. ಅದ್ರಲ್ಲಿ ನಂದೇನೂ ಇಲ್ಲ.”

“ಅದೊಂದು ಮಾಮೂಲಿ ಸಾಲು ಸಿಸ್ಟರ್, ಎಲ್ಲದ್ರಲ್ಲೂ ಹಾಕ್ತೀವಿ.”

“ಹಂಗಾರೆ ತಗ್ಯಾಕೆ ಕಷ್ಟ ಇಲ್ವಲ್ಲ.”

ಪತ್ರ ಇನ್ನೊಮ್ಮೆ ಟೈಪಾಗಿ ಬರುವ ತನಕ ಅವರು ಎದ್ದೇಳಲಿಲ್ಲ.

ಅವರೂ ನಾನೂ ಬಸ್ ನಿಲ್ದಾಣದವರೆಗೆ ಒಟ್ಟಿಗೆ ನಡೆದೆವು. ಅವರು ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕೆಂದು ನನಗೂ ಅನ್ನಿಸಲಿಲ್ಲ. ನರಸೀಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಚೀಲವನ್ನು ಕಲ್ಲುಬೆಂಚಿನ ಮೇಲಿಟ್ಟು ಕೇಳಿದರು:

“ಒಂದ್ ಮಾತ್ ಕೇಳ್ತೀನಿ ಮೇಡಂ, ಬೇಜಾರ್ ಮಾಡ್ಕಬ್ಯಾಡಿ. ನಮ್ದೊಂದೇನಾ ನೀವು ಹಿಂಗ್ ಮುಚ್ಚಿದ್ದು?”

“ನೋಡಬೇಕು,” ಎಂದೆ.

“ನೋಡಿ,” ಎಂದು ಅವರು ಅಷ್ಟರಲ್ಲಿ ಬಂದ ಬಸ್ಸು ಹತ್ತಿದರು.

ಮುಂದಿನ ವಾರ ಆಸ್ಪತ್ರೆಗಳ ಕೆಲಸದಿಂದ ನನ್ನನ್ನು ತೆಗೆದರು. ಮ್ಯಾನೇಜರ್ ತಮ್ಮ ಜಾಗದಲ್ಲೇ ಉಳಿದರು. ನನಗೆ ಬೇರೆ ಮೇಜು ಕೊಟ್ಟು, ಹಳೆಯ ಕಡತಗಳನ್ನು ಜೋಡಿಸುವ ಕೆಲಸ ಹಚ್ಚಿದರು. ಅದು ಶಿಕ್ಷೆ ಎಂದೇ ಕೊಟ್ಟದ್ದು. ಆದರೆ ಮುಚ್ಚಿದ ದೂರುಗಳೆಲ್ಲ ಆ ಕಡತಗಳಲ್ಲೇ ಇದ್ದವು. ನನ್ನ ಹೆಸರಿನಲ್ಲಿ ‘ಬಳಕೆದಾರರ ತಪ್ಪು’ ಎಂದು ಮುಚ್ಚಿದ್ದನ್ನು ಒಂದೊಂದಾಗಿ ಬೇರೆ ತೆಗೆದಿಟ್ಟೆ. ಪಟ್ಟಿಗೆ ಒಂದು ಹಾಳೆ ಸಾಲಲಿಲ್ಲ.

ಮೇಲಿನಿಂದ ಶುರು ಮಾಡಿದೆ. ಮೊದಲನೆಯದು ಹೆಡತಲೆ ಕಡೆಯ ಒಂದು ಬೀಜ ಗೋದಾಮಿನದು. ಫೋನ್ ಎತ್ತಿದವರು ಅಲ್ಲಿಯ ಗುಮಾಸ್ತರು. ಹೆಸರು ಹೇಳಿದೆ, ಕಂಪನಿ ಹೇಳಿದೆ. “ನಿಮ್ಮ ಹಳೇ ದೂರೊಂದನ್ನ ನಾನು ಸರಿಯಾಗಿ ನೋಡದೆ ಮುಚ್ಚಿದ್ದೆ. ಆಗ ಏನಾಗ್ತಿತ್ತು, ಈಗ ಹೇಳ್ತೀರಾ?” ಎಂದೆ.

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

“ಆರ್ ತಿಂಗ್ಳಾಯ್ತಲ್ಲ ಮೇಡಂ,” ಎಂದಿತು ದನಿ. “ಈಗ್ ಕೇಳ್ತಿದ್ದೀರಿ. ಆಗ್ಲಿ. ನಾನ್ ನಿಧಾನುಕ್ಕೆ ಹೇಳ್ತೀನಿ, ನೀವ್ ಬರ್ಕಳಿ.”

ನಾನು ಪೆನ್ನು ತೆಗೆದು ಬರೆದುಕೊಳ್ಳತೊಡಗಿದೆ.